ಮೋರಿ ಬಲ್ಲ ಗುಟ್ಟು

2021ರಲ್ಲಿ ಮನೆಯವರಿಗೆ ಜ್ವರ ಬಂದಾಗ, ಶ್ರೀರಾಂಪುರದ ನಮ್ಮ ಎದುರುಮನೆಯವರಿಗೆ ನಾನು "ಬರೀ ನೆಗಡಿ ಕಣ್ರೀ" ಎಂದುಬಿಟ್ಟೆ. ಅದೇ ವರ್ಷ ವಿಜ್ಞಾನಿಗಳು ಬೆಂಗಳೂರಿನ ಕೊಳಚೆನೀರಿನಲ್ಲಿ ಕೊರೋನಾ ತಳಿಗಳನ್ನು ಹುಡುಕುತ್ತಿದ್ದರಂತೆ.

"ಎಲ್ಲರ ಮನೆಯದೂ ಬೆರೆತಿರುತ್ತಲ್ಲೇ, ಬೇರೆ ಮಾಡೋದು ಹೇಗೆ?" ಎಂದು ಪ್ರಯೋಗಾಲಯದಲ್ಲಿರುವ ತಂಗಿಯ ಮಗಳನ್ನು ಕೇಳಿದೆ.

"ದೊಡ್ಡಮ್ಮ, ವೈರಾಣುವಿನ ಬರಹ ಸುಮಾರು 30,000 ಅಕ್ಷರ. ನಮಗೆ ಸಿಗೋದು ಚೂರುಗಳು. ಒಂದೇ ಪತ್ರವನ್ನು ಹಲವರು ತಪ್ಪುತಪ್ಪಾಗಿ ನಕಲು ಮಾಡಿ, ಎಲ್ಲವನ್ನೂ ಹರಿದು ಬೆರೆಸಿದ ಹಾಗೆ. ಯಾವ ತಪ್ಪಿನ ಜೊತೆ ಯಾವ ತಪ್ಪು ಬರುತ್ತೆ ಅಂತ ಕಂಪ್ಯೂಟರ್ ನೋಡಿ ಜೋಡಿಸುತ್ತೆ. ಯಾವ ತಳಿಯದು ಎಷ್ಟು ಪಾಲು ಅಂತ ಅಂದಾಜು ಹಾಕುತ್ತೆ. ಯಾರ ಮನೆಯದು ಅಂತ ಮಾತ್ರ ಹೇಳಲ್ಲ."

ಸದ್ಯ, ನನ್ನ ಗುಟ್ಟು ಮೋರಿಯಲ್ಲಿ ಭದ್ರ. ಆದರೆ ಅಂದು ನನ್ನ ಮಾತು ನಂಬಿ ಎದುರುಮನೆಯವರು ಒಳಗೆ ಬಂದು ಕಾಫಿ ಕುಡಿದಿದ್ದರು. ಮರುವಾರ ಅವರೂ ಮಲಗಿದರು. ಎದ್ದರು, ದೇವರು ದೊಡ್ಡವನು. ಹೇಳಬೇಕಾದ ಮಾತು ಮಾತ್ರ ಇನ್ನೂ ನನ್ನಲ್ಲೇ ಉಳಿದಿದೆ.