ಕಸೂತಿಯ ಗವಸು

ನಮ್ಮ ಮನೆಯಲ್ಲಿ ಬಿಸಿಯಾಗುವವರು ಮೂವರು. ಬೆಳಗಿನ ಪೇಪರು ತಡವಾಗಿ ಬಂದರೆ ನಮ್ಮವರು, ಕಾರಣವೇ ಇಲ್ಲದೆ ಹೊತ್ತಲ್ಲದ ಹೊತ್ತಿನಲ್ಲಿ ಐವತ್ನಾಲ್ಕರ ನಾನು, ಪಡಸಾಲೆಯ ಮೂಲೆಯಲ್ಲಿ ಕೂತ ಕಂಪ್ಯೂಟರು. ನಮ್ಮವರ ಬಿಸಿ ಒಂದು ಕಪ್ಪು ಚಹಾಕ್ಕೆ ಇಳಿಯುತ್ತದೆ. ನನ್ನದು ಈ ವಯಸ್ಸಿನ ಹೆಂಗಸರಿಗೆಲ್ಲ ಗೊತ್ತಿರುವಂಥದು. ತರಗತಿಯಲ್ಲಿ ಸಂಧಿ ಬಿಡಿಸುತ್ತಿರುವಾಗ ಕುತ್ತಿಗೆಯಿಂದ ಝಳ ಏರಿ ಬರುತ್ತದೆ. ಸೆರಗಿನಿಂದ ಗಾಳಿ ಹಾಕಿಕೊಂಡು ಮತ್ತೆ ಸೀಮೆಸುಣ್ಣ ಹಿಡಿಯುತ್ತೇನೆ. ಕಂಪ್ಯೂಟರಿನ ಬಿಸಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅದನ್ನು ಕೊಂಡದ್ದು 2014ರಲ್ಲಿ, ಮಗನ ಇಂಜಿನಿಯರಿಂಗ್ ಓದಿಗೆ. ಅವನು ಓದು ಮುಗಿಸಿ ಪುಣೆಗೆ ಹೋದ ಮೇಲೆ ನನ್ನ ಪಾಲಿಗೆ ಬಂತು. ‘ನುಡಿ’ ತಂತ್ರಾಂಶ ಕಲಿತು, ಒಂದೊಂದೇ ಬೆರಳಿನಿಂದ ಅವ್ವನ ಬೀಸುಕಲ್ಲಿನ ಹಾಡುಗಳನ್ನು ಬರೆದಿಡತೊಡಗಿದೆ. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು ‘ಗರತಿಯ ಹಾಡು’ ಪ್ರಕಟಿಸಿದರೆಂದು ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದವಳು ನಾನು. ನನ್ನ ಮನೆಯ ಗರತಿಯ ಹಾಡು ಕೇಳಿ ಬರೆದುಕೊಳ್ಳಬೇಕೆಂದು ಹೊಳೆಯುವ ಹೊತ್ತಿಗೆ ಅವ್ವನಿಗೆ ಎಂಬತ್ತು ದಾಟಿತ್ತು.

ಮೂರು ವರ್ಷಗಳಲ್ಲಿ ನೂರಾ ಹನ್ನೆರಡು ಹಾಡುಗಳಾದವು. ಆಮೇಲೆ ಅವ್ವನಿಗೆ ಮರೆವು ಹಿಡಿಯಿತು. ಮೊದಲು ಹಾಡಿನ ಮೂರನೆಯ ಸಾಲು ಮರೆಯಿತು, ಆಮೇಲೆ ಹಾಡೇ ಮರೆಯಿತು. ಈಗ ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಾಳೆ. ಬರೆದುಕೊಂಡ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ಮೇಲೆ ದೀಪಾವಳಿಯ ಸ್ವಚ್ಛತೆಯಲ್ಲಿ ರದ್ದಿಗೆ ಹಾಕಿಬಿಟ್ಟಿದ್ದೆ. ಹೀಗಾಗಿ ಆ ಹಾಡುಗಳು ಇದ್ದದ್ದು ಆ ಒಂದು ಡಬ್ಬದಲ್ಲಿ ಮಾತ್ರ.

ಅಂಥ ಡಬ್ಬದ ಮೇಲೆ ಧಾರವಾಡದ ಧೂಳು ಕೂಡಬಾರದೆಂದು ನಾನೇ ಅದಕ್ಕೊಂದು ಗವಸು ಹೊಲಿದಿದ್ದೆ. ಇಳಕಲ್ ಸೀರೆಯ ಹಳೆಯ ಸೆರಗು, ಅದರ ಮೇಲೆ ಕಸೂತಿ: ಗೋಪುರ, ಆನೆ, ತುಳಸಿ ವೃಂದಾವನ. ಗುಂಡಿ ಒತ್ತಲು ಮುಂದೆ ಒಂದು ಸೀಳು. ಬಂದವರೆಲ್ಲ ಹೊಗಳಿದ್ದರು.

2024ರ ಏಪ್ರಿಲ್ ಬಿಸಿಲಿನಲ್ಲಿ ಅದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿತು. ಇಪ್ಪತ್ತು ನಿಮಿಷ ಕೆಲಸ ಮಾಡಿ ಒಮ್ಮೆಲೇ ಆರಿಹೋಗುವುದು. ಸ್ವಲ್ಪ ಬಿಟ್ಟು ಹಚ್ಚಿದರೆ ಮತ್ತೆ ಬರುವುದು. ತಾರೀಖು ತಪ್ಪು ತೋರಿಸುವುದು. ಗುಂಡಿ ಒತ್ತುವುದು, ಕಾಯುವುದು, ಮತ್ತೆ ಒತ್ತುವುದು ನನಗೆ ರೂಢಿಯಾಯಿತು. ಒಂದು ಸಂಜೆ ಗುಂಡಿ ಒತ್ತಿದರೆ ಪರದೆ ಕಪ್ಪಗೇ ಉಳಿಯಿತು. ಡಬ್ಬದೊಳಗಿಂದ ‘ಬೀಪ್, ಬೀಪ್’ ಎಂಬ ಕೂಗು ಮಾತ್ರ.

“ಅದರ ಆಯುಷ್ಯ ತೀರೇತಿ, ಗುಜರಿಗೆ ಹಾಕ” ಎಂದರು ನಮ್ಮವರು. ಅಂಗಡಿಗೆ ಒಯ್ದರೆ ಅಲ್ಲಿಯ ಹುಡುಗ ಮುಚ್ಚಳ ಕೂಡ ತೆಗೆಯದೆ, ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಎಂದ. ಮಗ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅವ್ವಾ, ಇನ್ನೊಂದು ಕಾಪಿ ಇಟ್ಟೀಯೇನು?” ಉತ್ತರ ಬರೆದ ಮೇಲೆ ಎರಡು ಸಲ ತಿರುವಿ ನೋಡಿರೆಂದು ಮಕ್ಕಳಿಗೆ ಹೇಳುವ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಆ ರಾತ್ರಿ ಅವ್ವನ ಮಗ್ಗುಲಲ್ಲಿ ಮಲಗಿ ಒಂದು ಹಾಡನ್ನಾದರೂ ನೆನಪು ಮಾಡಿಕೊಳ್ಳಲು ನೋಡಿದೆ. ನಾಲ್ಕೈದರ ಆಚೆ ಹೋಗಲಿಲ್ಲ.

ಮರುದಿನ ಸುಭಾಷ ರಸ್ತೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಕಾಗುಣಿತ ತಪ್ಪಿದ್ದಕ್ಕೆ ಎಷ್ಟೋ ಸಲ ನನ್ನಿಂದ ಬೈಸಿಕೊಂಡ ಹುಡುಗಿ. ಡಿಪ್ಲೊಮಾ ಮಾಡಿ ಈಗ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಸಂಗತಿ ಕೇಳಿ ನಕ್ಕಳು. “ಕೂಗಾಕ ಹತ್ತೈತಿ ಅಂತೀರಿ, ಸತ್ತದ್ದು ಕೂಗತೈತೇನ್ರಿ ಟೀಚರ್?”

ಭಾನುವಾರ ಒಂದು ಸ್ಕ್ರೂಡ್ರೈವರು, ಒಂದು ಬ್ರಶ್ಶು ಹಿಡಿದು ಬಂದಳು. ದಡ್ಡ ಮಗುವಿಗೆ ಲೆಕ್ಕ ಎಲ್ಲಿ ತಪ್ಪಿತೆಂದು ಹಂತ ಹಂತವಾಗಿ ನೋಡುವಂತೆ ನೋಡಿದಳು. ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಇದೆಯೇ? ಹಿಂದಿನ ಸ್ವಿಚ್ಚು ಹಾಕಿದೆಯೇ? ಒಳಗಿನ ಫ್ಯಾನು ತಿರುಗುತ್ತಿದೆಯೇ? ಫ್ಯಾನು ತಿರುಗಿದರೆ ಕರೆಂಟು ಒಳಗೆ ಮುಟ್ಟಿದೆ ಎಂದರ್ಥ. ಇನ್ನು ಬೀಪ್ ಎನ್ನುವುದು ಯಂತ್ರ ತಾನೇ ತನ್ನನ್ನು ಪರೀಕ್ಷಿಸಿಕೊಂಡು ಹೇಳುವ ದೂರು. ಎಷ್ಟು ಸಲ, ಎಷ್ಟು ಉದ್ದ ಎಂಬುದರ ಅರ್ಥ ಒಂದೊಂದು ಕಂಪನಿಯದು ಒಂದೊಂದು. ನಮ್ಮದರ ದೂರು ರ‍್ಯಾಮ್ ಬಗ್ಗೆ ಎಂದಳು.

ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟು ಹೋಗಲೆಂದು ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಡಬ್ಬದ ಲೋಹವನ್ನು ಮುಟ್ಟಿ ಕೈಯನ್ನು ‘ತಣ್ಣಗೆ’ ಮಾಡಿಕೊಂಡಳು. ಕರೆಂಟು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ ಎಂದು ಎಚ್ಚರಿಸಿದಳು. ರ‍್ಯಾಮ್ ಪಟ್ಟಿಯನ್ನು ಹೊರತೆಗೆದು “ಟೀಚರ್, ರಬ್ಬರ್ ಐತೇನ್ರಿ?” ಎಂದಳು. ನನ್ನ ಚೀಲದಲ್ಲಿ ರಬ್ಬರ್ ಇಲ್ಲದ ದಿನವಿದೆಯೇ? ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ‘ಟಕ್’ ಎನ್ನುವ ತನಕ ಒತ್ತಿ ಕೂಡಿಸಿದಳು. ಗುಂಡಿ ಒತ್ತಿದರೆ ಪರದೆಯ ಮೇಲೆ ಬೆಳಕು!

ನಾನು ಹಾಡಿನ ಕಡತ ತೆಗೆದು ಓದಲು ಕೂತೆ. ಅವಳು ನನ್ನ ಕೈ ತಡೆದಳು. “ಓದೋದು ಆಮ್ಯಾಲರಿ. ಮೊದಲು ಕಾಪಿ.” ನನ್ನ ಮಾತು ನನಗೇ ತಿರುಗಿ ಬಂತು. ಒಂದು ಪೆನ್‌ಡ್ರೈವಿಗೆ ನೂರಾ ಹನ್ನೆರಡು ಹಾಡುಗಳು ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ. ನನ್ನ ಮುಖದ ಬೆವರು ಕಂಡು ಅವಳು ಹೇಳಿದಳು: “ಮದರ್‌ಬೋರ್ಡ್ ಹೋದ್ರೂ ಹಾಡು ಹೋಗತಿರಲಿಲ್ಲರಿ. ಅವು ಇರೋದು ಹಾರ್ಡ್‌ಡಿಸ್ಕಿನ್ಯಾಗ. ಅದು ಚಲೋ ಇದ್ರ ಬಿಚ್ಚಿ ಬ್ಯಾರೆ ಕಂಪ್ಯೂಟರಿಗೆ ಹಚ್ಚಿ ತಗೀಬಹುದು.” ಗುಜರಿಗೆ ಹಾಕಿದ್ದರೆ ಮಾತ್ರ ಎಲ್ಲವೂ ಹೋಗುತ್ತಿತ್ತು.

ಇನ್ನು ಬಿಸಿಯ ವಿಚಾರ. ಬಯಾಸ್ ಎಂಬ ಪರದೆಯಲ್ಲಿ ಯಂತ್ರದ ಜ್ವರ ನೋಡಬಹುದಂತೆ. ಏನೂ ಕೆಲಸವಿಲ್ಲದೆ ಕೂತಾಗಲೇ 87 ಡಿಗ್ರಿ ತೋರಿಸಿತು. ನೂರರ ಆಸುಪಾಸಿಗೆ ಹೋದರೆ ಪ್ರೊಸೆಸರ್ ಸುಟ್ಟುಹೋಗದಂತೆ ಯಂತ್ರ ತಾನೇ ಆರಿಕೊಳ್ಳುತ್ತದೆ. ನಾನು ಕೆಟ್ಟಿತೆಂದು ಬೈದದ್ದು ಅದು ಜೀವ ಉಳಿಸಿಕೊಳ್ಳುತ್ತಿದ್ದುದಕ್ಕೆ!

ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಫ್ಯಾನನ್ನು ಬೆರಳಿನಿಂದ ಹಿಡಿದು ಬ್ರಶ್ಶಿನಿಂದ ಬಿಡಿಸಿದಳು. ಪ್ರೊಸೆಸರಿನ ಮೇಲೆ ಒಣಗಿದ ಲೇಪವನ್ನು ಒರೆಸಿ, ತೊಗರಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಹಚ್ಚಿದಳು. ಬಿಸಿಯನ್ನು ಪಟ್ಟಿಗಳಿಗೆ ದಾಟಿಸುವುದು ಅದೇ. ತಾರೀಖು ತಪ್ಪುತ್ತಿದ್ದುದಕ್ಕೆ ಬಿಲ್ಲೆಯಂಥ ಮೂರು ವೋಲ್ಟಿನ ಬ್ಯಾಟರಿ ಬದಲಿಸಿದಳು. ಎಲ್ಲ ಮುಗಿಸಿ ಮುಚ್ಚಳ ಹಾಕುವಾಗ ಕುರ್ಚಿಯ ಮೇಲಿನ ಗವಸು ಕಂಡಿತು.

“ಇದನ್ನ ಯಾವಾಗ ಹೊದಿಸ್ತೀರಿ?”

“ಯಾವಾಗಲೂ ಇರತೈತಿ. ಧೂಳು ಬರಬಾರದಂತ.”

ಅವಳು ಡಬ್ಬವನ್ನು ತಿರುಗಿಸಿ ತೋರಿಸಿದಳು. ಮುಂದಿನಿಂದ ಗಾಳಿ ಒಳಗೆ ಹೋಗಬೇಕು, ಬಿಸಿ ಹಿಂದಿನಿಂದ ಹೊರಗೆ ಬರಬೇಕು. ಮುಂದಿನ ಕಿಂಡಿಗಳ ಮೇಲೆ ನನ್ನ ಆನೆ, ಹಿಂದಿನ ಕಿಂಡಿಗಳ ಮೇಲೆ ನನ್ನ ಗೋಪುರ. ಸಾಲದ್ದಕ್ಕೆ ಗೋಡೆಗೆ ಒತ್ತರಿಸಿ ಇಟ್ಟಿದ್ದೆ. ಟೀಚರಿಗೆ ಹೇಗೆ ಹೇಳುವುದೆಂದು ಹುಡುಗಿ ತಲೆ ತಗ್ಗಿಸಿ ನಿಂತಳು. ಕಾಗುಣಿತ ತಪ್ಪಿದಾಗ ಅವಳು ಹಾಗೆಯೇ ನಿಲ್ಲುತ್ತಿದ್ದಳು. ಈ ಸಲ ತಪ್ಪು ನನ್ನದು.

ಗವಸಿಲ್ಲದೆ ಹಚ್ಚಿದಾಗ 46 ಡಿಗ್ರಿ. ಗಿರಣಿಯ ಸದ್ದೂ ಇಲ್ಲ.

ಈಗ ಡಬ್ಬ ಗೋಡೆಯಿಂದ ಒಂದು ಗೇಣು ಈಚೆ ಬಂದು ಬರಿಮೈಯಲ್ಲಿ ಕೂತಿದೆ. ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ನಾನೇ ಮುಚ್ಚಳ ತೆಗೆದು ಧೂಳು ಕೊಡವುತ್ತೇನೆ. ಹಾಡುಗಳ ಒಂದು ಪ್ರತಿ ಮಗನ ಹತ್ತಿರ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಕಾಗದದ ಮೇಲೆ ಟ್ರಂಕಿನಲ್ಲಿ. ಮೈಯೊಳಗಿನ ಝಳ ಏರಿದಾಗ ನಾನೂ ಹತ್ತು ನಿಮಿಷ ಫ್ಯಾನಿನ ಕೆಳಗೆ ಸುಮ್ಮನೆ ಕೂಡುತ್ತೇನೆ. ಯಾಕೆ ಕೂತೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಏಳುವುದಿಲ್ಲ. ಈ ಸಲ ವೈದ್ಯರ ಹತ್ತಿರ ಹೋಗಿಯೂ ಬಂದೆ.

ಕಾಗದದ ಪ್ರತಿ ಬಂದ ದಿನ ಅವ್ವನ ಮುಂದೆ ಕೂತು ಒಂದು ಹಾಡು ಓದಿದೆ. ಅವಳಿಗೆ ಹಾಡು ನೆನಪಾಗಲಿಲ್ಲ, ನಾನು ಯಾರೆಂದೂ ನೆನಪಾಗಲಿಲ್ಲ. ಆದರೆ ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಅವಳ ಬಲಗೈ ಹಾಸಿಗೆಯ ಮೇಲೆ ಮೆಲ್ಲಗೆ ತಿರುಗತೊಡಗಿತ್ತು, ಬೀಸುಕಲ್ಲಿನ ಗೂಟ ಹಿಡಿದ ಹಾಗೆ. ನಾನು ನಿಲ್ಲಿಸದೆ ಮುಂದಿನ ಹಾಡು ಓದಿದೆ.