ಚೆಂಬಿನ ನೀರು

ನಮ್ಮ ಮನೆಯ ಅಟ್ಟದ ಮೇಲೆ, ಹುಣಸೆಹುಳಿ ಹಚ್ಚಿ ಉಜ್ಜುವವರಿಲ್ಲದೆ ಕಪ್ಪಿಟ್ಟುಹೋದ, ಕಂಠದಲ್ಲಿ ಒಂದೆಡೆ ನೆಗ್ಗಿದ ಹಿತ್ತಾಳೆಯ ಚೆಂಬೊಂದಿದೆ. ಅರ್ಧ ಸೇರು ನೀರನ್ನೂ ಹಿಡಿಯಲಾರದ ಈ ಪಾತ್ರೆಯಿಂದ ಕ್ರೈಸ್ತ ಧರ್ಮಶಾಸ್ತ್ರದ ಜಟಿಲ ಪ್ರಶ್ನೆಯೊಂದು ನಮ್ಮ ಮನೆಯೊಳಕ್ಕೆ ಸುರಿಯಿತೆಂದರೆ ಓದುಗರು ನಗಬಹುದು; ಅಜ್ಜಿ ಮಾತ್ರ ಅದರ ವಿಷಯದಲ್ಲಿ ನಕ್ಕುದನ್ನು ನಾನು ಕಂಡವನಲ್ಲ.

ಅವಳ ಮೂರನೆಯ ಕೂಸು ಆಟಿ ತಿಂಗಳ ಜಡಿಮಳೆಯ ಒಂದು ರಾತ್ರಿ, ದಿನ ತುಂಬುವ ಮೊದಲೇ ಹುಟ್ಟಿತು. ಆಚೆ ದಡದಲ್ಲಿದ್ದ ಚರ್ಚಿನ ಅಯ್ಯನವರನ್ನು ಕರೆತರಲು ಹೋದ ಅಜ್ಜ, ಉಕ್ಕಿ ಹರಿಯುವ ಹೊಳೆಯ ಕಡವಿನಲ್ಲಿ ದೋಣಿಯಿಲ್ಲದೆ ನಿಂತಿದ್ದನು. ಕೂಸಿನ ತುಟಿ ನೀಲಿಗಟ್ಟುತ್ತಿರುವುದನ್ನು ಕಂಡ ಅಜ್ಜಿ, ಎದ್ದು ಕೂರುವ ತ್ರಾಣವಿಲ್ಲದೆ, ಮಲಗಿದಲ್ಲಿಂದಲೇ ತಂದೆ, ಮಗ, ಪವಿತ್ರಾತ್ಮರ ನಾಮವನ್ನು ಉಚ್ಚರಿಸಿದಳು. ನೀರು ಹೊಯ್ದವಳು, ಚರ್ಚಿನ ಮೆಟ್ಟಿಲನ್ನೆಂದೂ ತುಳಿಯದ ಊರ ಸೂಲಗಿತ್ತಿ. "ಅಮ್ಮಾ, ನೀರು ತಣ್ಣಗಿದೆ, ಒಂದಿಷ್ಟು ಬೆಚ್ಚಗೆ ಮಾಡಲೇ?" ಎಂದು ಅವಳು ಕೇಳಿದಳಂತೆ. ಬೆಚ್ಚಗೆ ಮಾಡುವಷ್ಟು ಹೊತ್ತಿರಲಿಲ್ಲ. ಬೆಳಗಾಗುವುದರೊಳಗೆ ಕೂಸು ತೀರಿಕೊಂಡಿತು.

ಆ ನೀರು ಲೆಕ್ಕಕ್ಕೆ ಬಂದಿತೋ ಇಲ್ಲವೋ ಎಂಬುದೇ ಅಜ್ಜಿಯ ಆಯುಷ್ಯದುದ್ದದ ಚಿಂತೆ.

ಚಿಕ್ಕಂದಿನಲ್ಲಿ ನನಗೆ ಈ ಚಿಂತೆಯ ಭಾರ ತಿಳಿಯದು. ಬೈಬಲಿನ 'ಸ್ನಾನಿಕನಾದ ಯೋಹಾನ'ನೆಂದರೆ ದಿನಕ್ಕೆ ಮೂರು ಹೊತ್ತು ಮೀಯುವ ಮಡಿವಂತನೆಂದೇ ನಾನು ಭಾವಿಸಿದ್ದೆನು. ದೀಕ್ಷೆಯನ್ನೂ ಸ್ನಾನವನ್ನೂ ಬೆಸೆದು 'ದೀಕ್ಷಾಸ್ನಾನ'ವೆಂದವರ ಜಾಣ್ಮೆಯನ್ನು ಮೆಚ್ಚಬೇಕಾದುದೇ. ಆದರೆ ಆ ಎರಡು ಪದಗಳ ನಡುವಣ ಸಂಧಿಯಲ್ಲಿಯೇ ಎರಡು ಸಾವಿರ ವರ್ಷಗಳ ವಾದವೆಲ್ಲ ಅಡಗಿದೆ. ಉದ್ಧರಿಸುವುದು ನೀರೋ, ನಂಬಿಕೆಯೋ? ನೀರೇ ಎಂದರೆ, ಹನಿ ನೀರೂ ಸೋಕದೆ ಶಿಲುಬೆಯ ಮೇಲೆಯೇ ಪರದೈಸಿನ ವಾಗ್ದಾನ ಪಡೆದ ಕಳ್ಳನ ಗತಿಯೇನು? ನಂಬಿಕೆಯೇ ಎಂದರೆ, ಮಾತು ಬಾರದ ಕೂಸು ನಂಬುವುದೆಂತು? ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಸ್ನಾನವನ್ನು ಮುಂದೂಡುತ್ತ ಬಂದು, 337ರಲ್ಲಿ ಮರಣಶಯ್ಯೆಯ ಮೇಲೆ ಅದನ್ನು ಪಡೆದನು. ಹಾಗೆ ತಡೆಯುವ ಸೌಕರ್ಯ ಒಂದು ರಾತ್ರಿಯ ಕೂಸಿಗೆಲ್ಲಿಯದು! ದೀಕ್ಷೆಯಿಲ್ಲದೆ ಸತ್ತ ಶಿಶುಗಳಿಗೆ ಅತಿ ಸೌಮ್ಯವಾದುದಾದರೂ ದಂಡನೆಯುಂಟೆಂದು ಬರೆದ ಸಂತ ಅಗಸ್ಟೀನನನ್ನು, ಅವನ ಪಾಂಡಿತ್ಯಕ್ಕೆ ಎಷ್ಟೇ ತಲೆಬಾಗಿದರೂ, ನಾನು ಇಂದಿಗೂ ಪೂರ್ತಿಯಾಗಿ ಕ್ಷಮಿಸಿಲ್ಲ.

ಕಾಲೇಜಿನ ದಿನಗಳಲ್ಲಿ ಅಜ್ಜಿಯ ಪರವಾಗಿ ವಕಾಲತ್ತು ವಹಿಸಿದವನಂತೆ ಪುಸ್ತಕಗಳನ್ನು ಶೋಧಿಸಿದೆನು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರ ಸಭೆ ನಮ್ಮದು. ಆ ಮಿಶನಾದರೋ ಜರ್ಮನಿಯ ಲೂಥರನ ಅನುಯಾಯಿಗಳೂ ಸ್ವಿಟ್ಜರ್ಲೆಂಡಿನ ಸುಧಾರಿತ ಸಭೆಯವರೂ ಕೂಡಿ ನಡೆಸಿದ್ದು. ಪ್ರಾಣಾಪಾಯದಲ್ಲಿ ಸೂಲಗಿತ್ತಿಯೂ ದೀಕ್ಷಾಸ್ನಾನ ಕೊಡಬಹುದೆಂಬುದು ಲೂಥರನ ಮತ. ಅದು ಹೆಂಗಸರ ಕೆಲಸವೇ ಅಲ್ಲವೆಂದ, ಸುಧಾರಿತ ಸಭೆಯವರ ಗುರು ಕ್ಯಾಲ್ವಿನನು, ವಿಶ್ವಾಸಿಗಳ ಮಗು ದೇವರ ಒಡಂಬಡಿಕೆಯೊಳಗೇ ಹುಟ್ಟುವುದರಿಂದ ನೀರು ಸೋಕದಿದ್ದರೂ ಸ್ವರ್ಗದ ಬಾಗಿಲು ಮುಚ್ಚದೆಂದನು. ಒಂದು ಕೈಯಿಂದ ಗದರಿ, ಇನ್ನೊಂದರಿಂದ ಕಣ್ಣೊರೆಸುವ ಮಾತು. ಆದಿಸಭೆಯ ಕಾಲದ 'ಡಿಡಾಕೆ' ಎಂಬ ಕೈಪಿಡಿಯಂತೂ, ಹರಿಯುವ ನೀರಿಲ್ಲದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ದರಾಯಿತು ಎಂದು ಸೂಲಗಿತ್ತಿಯ ಸಂದೇಹಕ್ಕೆ ನೇರವಾಗಿಯೇ ಉತ್ತರಿಸಿದಂತಿತ್ತು. ಇವನ್ನೆಲ್ಲ ಹಿಗ್ಗಿನಿಂದ ಅಜ್ಜಿಗೆ ಓದಿ ಹೇಳಿದೆನು.

ಒಂದನ್ನು ಮಾತ್ರ ಹೇಳಲಿಲ್ಲ. ಕ್ರೈಸ್ತರಲ್ಲದವರು ಹೊಯ್ದರೂ ಸ್ನಾನ ಸಿಂಧುವೆಂದು ಒಪ್ಪುವ ಕಥೋಲಿಕ ಶಾಸ್ತ್ರ, ಮಾತು ಒಬ್ಬರದು, ನೀರು ಇನ್ನೊಬ್ಬರದು ಆಗಕೂಡದೆಂದು ವಿಧಿಸುತ್ತದೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವೀನಾಸನು ಮೂಗನೊಬ್ಬನನ್ನೂ ಕೈಯಿಲ್ಲದವನೊಬ್ಬನನ್ನೂ ಕಲ್ಪಿಸಿಕೊಂಡು, ಇವನು ಹೇಳಿ ಅವನು ಹೊಯ್ದರೆ ಆದೀತೇ ಎಂದು ತಾನೇ ಕೇಳಿ, ಆಗದೆಂದು ತಾನೇ ತೀರ್ಪಿತ್ತಿದ್ದಾನೆ. ಬಾಣಂತಿಯನ್ನೂ ಸೂಲಗಿತ್ತಿಯನ್ನೂ ಆತ ಕಲ್ಪಿಸಿರಲಿಲ್ಲ. ನಾನು ಆ ಪುಟವನ್ನು ಮುಚ್ಚಿ, ಗ್ರಂಥವನ್ನು ಮರುದಿನವೇ ಹಿಂದಿರುಗಿಸಿದೆನು.

ಅಜ್ಜಿ ಹೋದ ಮೇಲೆ ಮನೆಯ ಬೈಬಲು ನನ್ನ ಪಾಲಿಗೆ ಬಂದಿತು. ಅದರ ಮೊದಲ ಖಾಲಿ ಹಾಳೆಯಲ್ಲಿ ಅಜ್ಜ, ಲೆಕ್ಕದ ಪುಸ್ತಕದಂತೆ ಗೆರೆ ಹಾಕಿ, ಏಳು ಮಕ್ಕಳ ಜನನವನ್ನೂ ದೀಕ್ಷಾಸ್ನಾನವನ್ನೂ ಬರೆದಿಟ್ಟಿದ್ದಾನೆ. ಆರು ಮಕ್ಕಳ ಮುಂದೆ, 'ಕೊಟ್ಟವರು' ಎಂಬಲ್ಲಿ, ಆಯಾ ಕಾಲದ ಅಯ್ಯನವರ ಹೆಸರು ಶಾಯಿಯಲ್ಲಿ ದುಂಡಗಿದೆ. ಮೂರನೆಯ ಸಾಲಿನಲ್ಲಿ ಅವನು ಆ ಜಾಗವನ್ನು ಖಾಲಿ ಬಿಟ್ಟಿದ್ದನು. ಅಲ್ಲಿ, ಎರಡನೆಯ ತರಗತಿಗೇ ಶಾಲೆ ಬಿಟ್ಟ ಕೈಯ ವಕ್ರಾಕ್ಷರಗಳಲ್ಲಿ, ಸೀಸದ ಕಡ್ಡಿಯಿಂದ ಒತ್ತಿ ಒತ್ತಿ, ಸೂಲಗಿತ್ತಿಯ ಹೆಸರು ಬರೆದಿದೆ.