ಬಹ್ರಿಯ ಹರವಿ ನೀರು

2023ರ ಏಪ್ರಿಲ್ 15, ಶನಿವಾರ. ಸುಡಾನಿನಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಬೆಳಿಗ್ಗೆ ಬಟ್ಟೆ ಒಗೆದು, ಎರಡು ಬಕೆಟ್ ನೀರಲ್ಲಿ ಜಾಲಾಡಿಸಿ, ಆ ನೀರನ್ನು ಮೋರಿಗೆ ಚೆಲ್ಲಿದೆ. ಅಷ್ಟರಲ್ಲಿ ಗುಂಡಿನ ಸದ್ದು ಶುರುವಾಯಿತು. ಸಂಜೆಗೆ ನಲ್ಲಿ ನಿಂತಿತು. ನಾವು ಆ ಮನೆ ಬಿಡುವವರೆಗೂ ಅದು ಮತ್ತೆ ಬರಲಿಲ್ಲ. ಚೆಲ್ಲಿದ ಆ ಎರಡು ಬಕೆಟ್ ನೀರು ಈಗಲೂ ನನ್ನ ಕಣ್ಣ ಮುಂದಿದೆ.

ನಾನು ಗದಗ ಜಿಲ್ಲೆಯವನು, ಮಷಿನ್ ಫಿಟ್ಟರ್. ಖಾರ್ಟೂಮಿನ ಉತ್ತರಕ್ಕಿರುವ ಬಹ್ರಿಯ ಒಂದು ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಇದ್ದೆ. ನೀಲಿ ನೈಲ್, ಬಿಳಿ ನೈಲ್ ಕೂಡುವ ಊರದು. ಅಲ್ಲಿ ಬಾಯಾರಿ ಒದ್ದಾಡುವ ದಿನ ಬರುತ್ತದೆಂದು ಯಾರು ಎಣಿಸಿದ್ದರು? ನಮ್ಮ ಭಾಗಕ್ಕೆ ನೀರು ಕೊಡುತ್ತಿದ್ದ ಶುದ್ಧೀಕರಣ ಘಟಕ ಕಾಳಗದ ನಡುವೆ ಸಿಕ್ಕಿ ನಿಂತುಹೋಗಿತ್ತು.

ಹೊಡೆದಾಡುತ್ತಿದ್ದವರು ಮೊದಲು ಒಂದೇ ಕಡೆಯವರು. ಜನರಲ್ ಬುರ್ಹಾನ್ ಅವರ ಸೈನ್ಯ ಒಂದು ಕಡೆ, ಹೆಮೆತಿ ಎಂದು ಕರೆಸಿಕೊಳ್ಳುವ ದಗಾಲೊ ಅವರ ಆರ್‌ಎಸ್‌ಎಫ್ ಪಡೆ ಇನ್ನೊಂದು ಕಡೆ. ದಾರ್ಫುರಿನ ಜಂಜಾವೀದ್ ಗುಂಪುಗಳಿಂದ 2013ರಲ್ಲಿ ಆ ಪಡೆಯನ್ನು ಕಟ್ಟಿದ್ದು ಸರ್ಕಾರವೇ. 2021ರಲ್ಲಿ ಇಬ್ಬರೂ ಸೇರಿಯೇ ನಾಗರಿಕ ಸರ್ಕಾರವನ್ನು ಕಿತ್ತೊಗೆದರು. ಆ ಪಡೆ ಸೈನ್ಯದೊಳಗೆ ಯಾವಾಗ, ಹೇಗೆ ಸೇರಬೇಕೆಂಬ ಜಗಳ ಕೊನೆಗೆ ನಮ್ಮ ಓಣಿಗೆ ಬಂತು.

ಓಣಿಯ ಯುದ್ಧಕ್ಕೆ ಗಡಿ ಇಲ್ಲ. ಮಷಿನ್ ಗನ್ ಕೂರಿಸಿದ ಪಿಕಪ್ ಗಾಡಿಗಳು ಬೇವಿನ ಮರದ ಕೆಳಗೆ ಬಂದು ಅಡಗುತ್ತಿದ್ದವು. ಅವನ್ನು ಹುಡುಕಿಕೊಂಡು ಮೇಲೆ ವಿಮಾನ ಬರುತ್ತಿತ್ತು. ಊರಲ್ಲಿ ಬೇವಿನ ನೆರಳೆಂದರೆ ನಮಗೆ ಜೀವ. ಅಲ್ಲಿ ಆ ನೆರಳಿಗೇ ಹೆದರುವಂತಾಯಿತು. ಕಿಟಕಿ ಇಲ್ಲದ ನಡುಮನೆಯಲ್ಲಿ ಒಟ್ಟಿಗೆ ವಾಸವಿದ್ದ ನಾವು ನಾಲ್ವರು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಕರೆಂಟ್ ಇಲ್ಲ, ನೆತ್ತಿ ಸುಡುವ ಬಿಸಿಲು. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಲೋಟ ನೀರೆಂದು ಹಂಚಿಕೊಂಡೆವು. ಮೂರನೆಯ ದಿನಕ್ಕೆ ಅದೂ ತೀರಿತು.

ಎದುರುಮನೆಯ ಮುಂದೆ ಒಂದು ಜೀರ್ ಇತ್ತು. ಜೀರ್ ಅಂದರೆ ನಮ್ಮ ಕಡೆಯ ಮಣ್ಣಿನ ಹರವಿಯೇ. ದಾರಿಹೋಕರು ಕುಡಿಯಲೆಂದು ಮನೆಯ ಹೊರಗೆ ಇಟ್ಟಿರುತ್ತಾರೆ, ಮೇಲೊಂದು ಮುಚ್ಚಳ, ಒಂದು ತಗಡಿನ ಲೋಟ. ನಮ್ಮ ಅರವಟ್ಟಿಗೆಯ ಹಾಗೆ. ಆ ಮನೆಯ ಹಿರಿಯಾಕೆಯನ್ನು ಓಣಿಯೆಲ್ಲ ಹಾಜ್ಜಾ ಎಂದು ಕರೆಯುತ್ತಿತ್ತು. ಮೂರನೆಯ ದಿನ ಸಂಜೆ ಸದ್ದು ಸ್ವಲ್ಪ ನಿಂತಾಗ ನಾನು ಬಾಟಲಿ ಹಿಡಿದು ಓಡಿದೆ. ಲೋಟಕ್ಕೆ ಕೈ ಹಾಕುವಾಗ ಬಾಗಿಲು ತೆರೆಯಿತು. ಕದಿಯಲು ಬಂದವನಂತೆ ನಿಂತುಬಿಟ್ಟೆ. ಹಾಜ್ಜಾ ಏನೂ ಕೇಳಲಿಲ್ಲ. ಬಾಟಲಿಯನ್ನು ಇಸಿದುಕೊಂಡು ತಾವೇ ತುಂಬಿದರು. ಉಳಿದವರನ್ನೂ ಕಳಿಸೆಂದು ಕೈಸನ್ನೆ ಮಾಡಿದರು.

ಆಗ ರಂಜಾನ್ ತಿಂಗಳು. ಹಗಲಿಡೀ ಒಂದು ಹನಿ ಮುಟ್ಟದ ಆ ಮುದುಕಿ ನಮಗೆ ನೀರು ಕೊಡುತ್ತಿದ್ದರು. ಮೊಮ್ಮಕ್ಕಳು ಕತ್ತೆಗಾಡಿಯಲ್ಲಿ ನದಿಯಿಂದ ತುಂಬಿ ತರುತ್ತಿದ್ದ ನೀರದು. ಅದಕ್ಕಾಗಿ ಅವರು ಗುಂಡಿನ ನಡುವೆ ಹೋಗಿಬರಬೇಕಿತ್ತು. ಹರವಿಯಲ್ಲಿ ಕೆಸರು ತಳಕ್ಕಿಳಿದ ಮೇಲೆ ನಾವು ಕುಡಿಯುತ್ತಿದ್ದೆವು. ಫೋನ್ ಹತ್ತಿದಾಗ ಅವ್ವ ಕೇಳಿದ ಮೊದಲ ಮಾತು, “ನೀರರ ಕುಡದಿಯೇನಪಾ?” “ಇಲ್ಲೊಬ್ಬಾಕಿ ಆಯಿ ಕೊಡಾಕತ್ಯಾಳಬೇ” ಎಂದೆ. ಆಕೆ ಅತ್ತಳು.

ಆರನೆಯ ದಿನ ಸಮವಸ್ತ್ರದ ನಾಲ್ವರು ಬಾಗಿಲು ಒದ್ದು ಒಳಬಂದರು. ಯಾವ ಕಡೆಯವರೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಹಣ ಮತ್ತು ಮೂರು ಫೋನ್ ಹೋದವು. ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದ ನನ್ನದೊಂದು ಉಳಿಯಿತು.

ಏಪ್ರಿಲ್ 25ರಿಂದ ಮೂರು ದಿನದ ಕದನವಿರಾಮ ಎಂದಾಯಿತು. ನಮ್ಮವರನ್ನು ಕರೆತರುವ ಭಾರತದ ‘ಆಪರೇಷನ್ ಕಾವೇರಿ’ ಆಗಷ್ಟೇ ಶುರುವಾಗಿತ್ತು. ಸುಮಾರು 850 ಕಿಲೋಮೀಟರ್ ದೂರದ ಪೋರ್ಟ್ ಸುಡಾನಿಗೆ ಬಸ್ಸು, ಅಲ್ಲಿಂದ ನೌಕಾಪಡೆಯ ಹಡಗಿನಲ್ಲಿ ಜೆದ್ದಾ, ಅಲ್ಲಿಂದ ವಿಮಾನ. 28ರಂದು ಬೆಂಗಳೂರಿಗೆ ಬಂದಿಳಿದ 362 ಜನರಲ್ಲಿ ನಾನೊಬ್ಬ. ಆ ವಿಮಾನದಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಬಹಳ ಇದ್ದರು. ಕೂದಲೆಣ್ಣೆ, ಗಿಡಮೂಲಿಕೆ ಮಾರಲು ಅಷ್ಟು ದೂರ ಹೋಗಿದ್ದವರು. ಗಗನಸಖಿ ನೀರಿನ ಬಾಟಲಿ ಕೊಟ್ಟಾಗ ನನ್ನ ಪಕ್ಕದ ಹೆಣ್ಣುಮಗಳು ಕುಡಿಯದೆ ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ನಾನೂ ನನ್ನದನ್ನು ಮಡಿಲಲ್ಲೇ ಹಿಡಿದು ಕೂತಿದ್ದೆ.

ಹೊರಡುವ ಬೆಳಿಗ್ಗೆ ನಮ್ಮಲ್ಲಿ ಉಳಿದ ಅಕ್ಕಿ, ಬೇಳೆಯನ್ನು ಹಾಜ್ಜಾ ಮನೆಗೆ ಕೊಟ್ಟು ಬಂದಿದ್ದೆವು. ಮೊಮ್ಮಗನ ನಂಬರು ನನ್ನಲ್ಲಿತ್ತು. ಕೆಲವು ತಿಂಗಳು ಮಾತಾಡಿದೆವು. ನವೆಂಬರಿನಲ್ಲಿ ಬಹ್ರಿಯನ್ನು ಓಮ್‌ದುರ್ಮಾನಿಗೆ ಜೋಡಿಸುವ ಶಂಬಾತ್ ಸೇತುವೆ ಕಡಿದುಬಿತ್ತು. ಆಮೇಲೆ ಫೋನ್ ಹತ್ತಲಿಲ್ಲ. 2025ರ ಮಾರ್ಚಿನಲ್ಲಿ ಸೈನ್ಯ ಖಾರ್ಟೂಮಿನ ಅರಮನೆಯನ್ನು ಮರಳಿ ಪಡೆಯಿತೆಂಬ ಸುದ್ದಿ ಕೇಳಿ ಮತ್ತೆ ಹಚ್ಚಿದೆ. ರಿಂಗ್ ಆಗಲಿಲ್ಲ. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟ ದೇಶದಲ್ಲಿ ಅವರನ್ನು ಎಲ್ಲಿ ಹುಡುಕಲಿ?

ನಮಗೆ ಹಡಗು ಬಂತು, ಅವರಿಗೆ ಬರಲಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಸುಡಾನಿನ ಹುಡುಗರು ಓದುತ್ತಿದ್ದಾರೆ. ನಿಮ್ಮ ಓಣಿಯಲ್ಲಿ ಒಬ್ಬ ಕಂಡರೆ, ಮನೆಯವರು ಹೇಗಿದ್ದಾರೆಂದು ದಯವಿಟ್ಟು ಕೇಳಿ.